ಅಶುದ್ಧಿ ಸೇರದಿರಲಿ

ಡಾ. ನಿರಂಜನ ಮುಳಗುಂದ ದನಿಬಿಲ್ಲೆಯನ್ನು ಯಂತ್ರದ ಮೇಲಿಟ್ಟ ಕೂಡಲೇ ಒಂಬತ್ತು ವರ್ಷದ ಹುಡುಗಿಯೊಬ್ಬಳು ಮಾತಾಡಿದಳು. “ಅವ್ವಾ, ಎಡಗಾಲಿಂದು ಚಪ್ಪಲಿ ಎಲ್ಲಿ...” ಅಷ್ಟೇ. ಮುಂದೆ ಬರೀ ಸರಸರ ಸದ್ದು.

“ಇನ್ನೊಮ್ಮೆ ಹಚ್ರಿ ಸರ,” ಎಂದಳು ಸಾನ್ವಿ ಕೌಜಲಗಿ. ಮಗಳು ಇಂಪನಾ ಜ್ವರದಲ್ಲಿ ತೀರಿಕೊಂಡು ಏಳು ವರ್ಷವಾಗಿತ್ತು. ಅವಳ ದನಿ ಉಳಿದಿದ್ದು ಈ ಒಂದು ಬಿಲ್ಲೆಯಲ್ಲಿ ಮಾತ್ರ.

ಬಿಲ್ಲೆ ಹುಟ್ಟಿದ್ದು ಗದಗಿನ ಈ ಪ್ರಯೋಗಾಲಯದಲ್ಲೇ, ನಿರಂಜನರ ಕೈಯಲ್ಲಿ. ಕಬ್ಬಿಣದ ಆಕ್ಸೈಡಿನ ತೆಳ್ಳನೆಯ ತುಂಡು. ಅಯಸ್ಕಾಂತವೇನೋ ಹೌದು, ಆದರೆ ವಿದ್ಯುತ್ತನ್ನು ಹರಿಯಗೊಡದು. ಹಾಗಾಗಿ ಬಿಸಿಯಾಗದು, ಸವೆಯದು. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಕಾಂತ. ಅವು ಯಾವ ಕಡೆ ಮುಖ ಮಾಡಿ ನಿಂತಿವೆ ಎಂಬುದರಲ್ಲೇ ಮಾತು ಉಳಿಯುತ್ತದೆ. ಸಾವಿರ ವರ್ಷ ಬಾಳುತ್ತದೆಂದಾಗ ಜನ ಫೋನುಗಳಲ್ಲಿದ್ದುದನ್ನೆಲ್ಲ ಇದಕ್ಕೆ ತುಂಬಿ, ಹಳೆಯದನ್ನು ಅಳಿಸಿಹಾಕಿದರು. ನಂಬುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಿರಂಜನ ಪರೀಕ್ಷೆಯ ಹಾಳೆ ನೋಡಿದರು. ಬಿಲ್ಲೆಯ ತುಂಬ ಹೈಡ್ರೋಜನ್. ಎಲ್ಲಕ್ಕಿಂತ ಚಿಕ್ಕ ಪರಮಾಣು ಅದು, ಸಂದಿ ಸಿಕ್ಕಲ್ಲಿ ನುಸುಳುತ್ತದೆ. ನುಸುಳಿ, ತನ್ನ ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ಕೊಟ್ಟು, ಆಕ್ಸಿಜನ್ನಿಗೆ ಅಂಟಿ ಕೂರುತ್ತದೆ. ಅಲ್ಲಿಗೆ ಕಬ್ಬಿಣದ ಗುಣ ಬದಲಾಗಿ ಕಾಂತಗಳ ಸಾಲು ಚದುರುತ್ತದೆ. ಬರೀ ನೀರು ತಾಗಿದರೆ ಇಷ್ಟಾಗುವುದಿಲ್ಲ.

“ಅಕ್ಕಾರ, ಇದನ್ನ ಎಲ್ಲಿ ಇಟ್ಟಿದ್ರಿ?”

“ದೇವರ ಜಗಲಿ ಮ್ಯಾಲ. ಶುಕ್ರವಾರಕ್ಕೊಮ್ಮೆ ದೀಪ, ಆರತಿ ತಾಟಿನ ಜೋಡಿ ಅಲ್ಯುಮಿನಿಯಂ ಬೋಗುಣಿಯೊಳಗ ಹುಣಸಿಹಣ್ಣಿನ ನೀರಾಗ ನೆನಿಯಿಟ್ಟು ತಿಕ್ಕತಿದ್ದೆ. ಬಿಲ್ಲೆ ಜೋಡಿ ಕೊಟ್ಟ ನಿಮ್ಮ ಪುಸ್ತಕದಾಗ ಬರದಿದ್ರಲ್ರಿ, ಅಶುದ್ಧಿ ಸೇರಲಾರದಂಗ ನೋಡ್ಕೋರಿ ಅಂತ.”

ಬರೆದವರು ಅವರೇ. ಒಂದು ವಸ್ತುವಿನೊಳಗೆ ಬೇರೆ ಪರಮಾಣು ಬೆರೆತರೆ ಅವರ ಶಾಸ್ತ್ರದಲ್ಲಿ ಅದಕ್ಕೆ ಅಶುದ್ಧಿ ಎನ್ನುತ್ತಾರೆ. ಹುಳಿಯೂ ಅಲ್ಯುಮಿನಿಯಮ್ಮೂ ಕೂಡಿದರೆ ಬಿಲ್ಲೆಗೆ ಕೈಯಾರೆ ಹೈಡ್ರೋಜನ್ ಉಣಿಸಿದಂತೆ.

“ಕಾಸಿದರ ಹೈಡ್ರೋಜನ್ ಹೊರಗ ಹೋಗತೈತಿ, ಬಿಲ್ಲೆ ಹೊಸದಾಗತೈತಿ,” ಎಂದರು ನಿರಂಜನ. “ಮಾತು ಬರಂಗಿಲ್ರಿ.”

“ಅಂದ್ರ ನಾನಽ ತಿಕ್ಕಿ ತಿಕ್ಕಿ ಅಳಿಸೀನಿ.”

“ತಪ್ಪು ನಿಮ್ಮದಲ್ರಿ. ನಾ ಬರದ ಶಬ್ದದ್ದು.”

ಸಾನ್ವಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಏನಾದರೂ ಉಳಿಸಿಕೊಡಬೇಕೆಂದು ನಿರಂಜನ ಕಾಗದ ಎಳೆದುಕೊಂಡರು. “ಚಪ್ಪಲಿ ಆದಮ್ಯಾಲ ಏನಂತಿದ್ಲು ಹೇಳ್ರಿ, ಬರಕೋತೀನಿ.”



“ನೆನಪಾಗವಲ್ದ್ರಿ. ವರ್ಷಕ್ಕೊಮ್ಮೆ, ಆಕಿ ಹುಟ್ಟಿದ ದಿನ ಅಷ್ಟಽ ಕೇಳತಿದ್ದೆ ಸರ. ಸವದೀತು ಅಂತ ಅಂಜಿಕಿ.”

“ಮಾರಿನರ ನೆನಪೈತಲ್ಲ? ಚಪ್ಪಲಿ ಕೇಳಿದಾಗ ಹೆಂಗಿದ್ಲು? ನಗತಿದ್ಲೋ, ಸಿಟ್ಟಿಲೆ ಇದ್ಲೋ?”



“ನಾ ಮಾರಿ ನೋಡಿರಲಿಲ್ರಿ,” ಎಂದಳು. “ಬಿಲ್ಲೆಯೊಳಗ ಮಾತು ತುಂಬಾಕತ್ತೈತೋ ಇಲ್ಲೋ ಅಂತ, ಮಷಿನ್ನಿನ ಕೆಂಪು ದೀಪ ನೋಡಕೋತ ಕುಂತಿದ್ದೆ.”