ಕಾದ ಆಕ್ಸಲ್

ಬೆಳಿಗ್ಗೆ ಆರಕ್ಕೆ ಪಾಳಿ ಆರಂಭ, ಅನಂತರ ವ್ಯಾಗನ್‌ಗಳ ತಪಾಸಣೆ, ಏಳಕ್ಕೆ ಮುಖ್ಯ ಎಂಜಿನಿಯರರ ಹಸಿರು ಬಾವುಟ. ಈ ಅನುಕ್ರಮದಲ್ಲಿ ಎಲ್ಲಿ ಅಡ್ಡಗಾಲು ಹಾಕಬೇಕೆಂಬುದನ್ನು ವ್ಯಾಗನ್ ಪರೀಕ್ಷಕ ಮೊದಲೇ ನಿರ್ಧರಿಸಿದ್ದ. ಹೊಸದಾಗಿ ಹಾಸಿದ ಎರಡನೆಯ ಹಳಿಯ ಮೇಲೆ ಬರುವ ಮೊದಲ ಸರಕು ಗಾಡಿಗೆ ಈ ಸ್ಟೇಷನ್ನಿನಲ್ಲಿ ಬಾವುಟ ತೋರಿಸಿ ಮುಂದೆ ಕಳಿಸುವ ಸಮಾರಂಭವಿತ್ತು. ಅದು ಸಮಯಕ್ಕೆ ಹೊರಟರೆ ಸ್ಟೇಷನ್ ಮಾಸ್ಟರನಿಗೆ ಬಡ್ತಿ ಖಚಿತ. ಸ್ಟೇಷನ್ ಮಾಸ್ಟರ್ ಪರೀಕ್ಷಕನ ಹೆಂಡತಿಯ ತಮ್ಮ.

"ನನ್ನ ತಮ್ಮನ್ನ ನೋಡಿ ಸ್ವಲ್ಪ ಕಲೀರಿ. ನೀವು ಇನ್ನೂ ಚಕ್ರ ತಟ್ತಾನೇ ಇದ್ದೀರಿ," ಎಂದು ಅವಳು ದಿನವೂ ಊಟದ ಜೊತೆಗೆ ಬಡಿಸುತ್ತಿದ್ದಳು. ತಮ್ಮನಿಗೆ ಬಡ್ತಿಯೂ ಸಿಕ್ಕರೆ ಉಳಿದ ಆಯುಷ್ಯವೆಲ್ಲ ಅದೇ ಊಟ.

ಯೋಜನೆ ಸರಳವಾಗಿತ್ತು. ಓಡಿ ಬಂದ ವ್ಯಾಗನ್ನಿನ ಆಕ್ಸಲ್ ಉಜ್ಜಿ ಕಾದಿದೆ ಎಂದು ಪರೀಕ್ಷಕ ಹೇಳಿದರೆ ಆ ವ್ಯಾಗನನ್ನು ಬಿಚ್ಚಿ ಪಕ್ಕಕ್ಕೆ ಸರಿಸಲೇಬೇಕು. ಅರ್ಧ ದಿನ ಮಣ್ಣುಪಾಲು. ಶಾಖಕ್ಕೊಂದು ಸದ್ಗುಣವಿದೆ: ಅದು ಸಾಕ್ಷ್ಯ ಉಳಿಸದೆ ಆರಿಹೋಗುತ್ತದೆ. ಶಾಖ ಅಳೆಯುವ ಉಪಕರಣ ತರುವಷ್ಟರಲ್ಲಿ ಲೋಹ ತಣ್ಣಗಾದರೆ ಅದು ಭೌತಶಾಸ್ತ್ರದ ತಪ್ಪು, ಪರೀಕ್ಷಕನದಲ್ಲ. ಅನುಮಾನಕ್ಕೆ ಎಡೆಯಾಗದಂತೆ ಹಿಂದಿನ ದಿನ ರಜೆ ಹಾಕಿ ಸ್ಟೇಷನ್ನಿನತ್ತ ತಲೆಹಾಕದೆ ಉಳಿದ. ಬೆಳಿಗ್ಗೆ ಒಲೆಯ ಮೇಲಿನ ಪಾತ್ರೆಗೆ ಹೆಬ್ಬೆರಳು ತಾಗಿಸಿ ಒಂದು ಪ್ರಾಮಾಣಿಕ ಬೊಬ್ಬೆಯನ್ನೂ ಸಂಪಾದಿಸಿದ.

ತಪಾಸಣೆಯ ನಡುವೆ ಅವನು ಚೀರಿದ. ಸ್ಟೇಷನ್ ಮಾಸ್ಟರ್ ಓಡಿಬಂದ. ಅವನ ಹಿಂದೆಯೇ ಮುಖ್ಯ ಎಂಜಿನಿಯರರು, ಬಾವುಟದ ಸಮೇತ.

"ಏನಾಯ್ತು ಭಾವ?"

"ಆಕ್ಸಲ್ ಕೆಂಡ ಆಗಿದೆಯಪ್ಪಾ! ನೋಡು, ಬೆರಳು ಬೆಂದೇ ಹೋಯ್ತು. ಈ ಗಾಡಿ ಹೊರಡೋ ಹಾಗಿಲ್ಲ."

"ಭಾವ... ಸರಿಯಾಗಿ ಮುಟ್ಟಿ ನೋಡಿದ್ರಾ?"

"ನಂಗೇ ಹೇಳಿಕೊಡ್ತೀಯಾ? ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಮುಟ್ತಾ ಇದ್ದೀನಿ ಕಣೋ!"

ಭಾವಮೈದುನ ತಲೆ ತಗ್ಗಿಸಿದ. ಪರೀಕ್ಷಕನ ಎದೆ ಉಬ್ಬಿತು.

ಅವನ ಸೇವಾವಧಿಯಲ್ಲಿ ಸರಕು ಗಾಡಿಯೊಂದು ಹೇಳಿದ ಹೊತ್ತಿಗೆ ಬಂದ ಉದಾಹರಣೆಯೇ ಇರಲಿಲ್ಲ. ಒಂದೇ ಹಳಿಯ ಮೇಲೆ ಪ್ರಯಾಣಿಕರ ಗಾಡಿಗಳಿಗೆಲ್ಲ ದಾರಿಬಿಟ್ಟು ಬೆಳಗಿನ ಜಾವಕ್ಕೆ ತೆವಳಿ ಬರುವುದು ಅವುಗಳ ಜಾಯಮಾನ. ಆದ್ದರಿಂದ ಈ ಗಾಡಿ ಯಾವಾಗ ಬಂತೆಂದು ಅವನು ಯಾರನ್ನೂ ಕೇಳಿರಲಿಲ್ಲ. ಹೊಸ ಹಳಿಯ ಮೇಲೆ ಯಾರಿಗೂ ದಾರಿಬಿಡಬೇಕಾಗದೆ ಅದು ಹಿಂದಿನ ದಿನ ಮಧ್ಯಾಹ್ನವೇ ಬಂದು, ಒಂದಂಗುಲವೂ ಕದಲದೆ ಅಲ್ಲೇ ನಿಂತಿತ್ತು. ಮುಖ್ಯ ಎಂಜಿನಿಯರರು ಬಗ್ಗಿ ಆಕ್ಸಲ್ಲಿನ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟರು, ಕೈಗಂಟಿದ ಇಬ್ಬನಿಯನ್ನು ಒರೆಸಿಕೊಂಡರು, ತೀರ್ಮಾನ ಹೇಳಿದರು: "ಆಕ್ಸಲ್ ತಣ್ಣಗಿದೆ. ಗಾಡಿ ಹೊರಡಲಿ, ಪರೀಕ್ಷಕರು ಇಲ್ಲೇ ಇರಲಿ."