ಮುಚ್ಚಳಕ್ಕೂ ಮುಂಚಿನ ಹಂತ

ಹಬೆಯ ಡ್ರಮ್ಮಿನ ಮುಚ್ಚಳ ತೆಗೆದವಳ ಎರಡೂ ಕೈ ಬೆಂದುಹೋಗಿದ್ದವು. ಇನ್ಸ್‌ಪೆಕ್ಟರಮ್ಮ ಲಾಂಡ್ರಿಗೆ ಬರುವಷ್ಟರಲ್ಲಿ ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು.

"ತಪ್ಪು ಗೋಡೆ ಮೇಲೇ ಇದೆ, ಮೇಡಂ," ಎಂದ ಮ್ಯಾನೇಜರ್.

ಡ್ರಮ್ ನಡೆಸುವ ಕ್ರಮವನ್ನು ಗೋಡೆಗೆ ಸ್ಕ್ರೂ ಹಾಕಿ ಹೊಡೆದಿದ್ದರು. ಹಂತಕ್ಕೊಂದು ತಗಡು, ಮೇಲಿಂದ ಕೆಳಕ್ಕೆ. ಸ್ವಿಚ್ ಆರಿಸಿ. ಮುಚ್ಚಳ ತೆಗೆಯಿರಿ. ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಹಬೆ ಹೊರಬಿಡಿ. ಬಟ್ಟೆ ತೆಗೆಯಿರಿ.

"ಹಬೆ ಬಿಡೋಕೆ ಮುಂಚೆ ಮುಚ್ಚಳ? ಇಷ್ಟು ದಿನ ಯಾರಿಗೂ ಸುಡ್ಲಿಲ್ವಾ?"

"ಹಳಬರು ಇದನ್ನ ಓದಲ್ಲ. ಇವಳು ಹೊಸಬಳು, ಓದಿದ್ಲು."

ಬರೆದವನು ಹಂತಪ್ಪ. ಯಂತ್ರಗಳ ಕೈಪಿಡಿ ಬರೆಯುವುದು ಅವನ ಕೆಲಸ. ನೀರು ಕುಡಿಯುವುದನ್ನೂ ಹಂತ ಮಾಡಿ ಹೇಳುತ್ತಾನೆಂದು ಬಂದ ಅಡ್ಡಹೆಸರು ಅದು. ಸುಟ್ಟುಕೊಂಡವಳು ಅವನ ಸ್ವಂತ ತಂಗಿ.

* * *

ಹಂತಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದು ಕೂತಿದ್ದ.

"ನಾನು ಸರಿಯಾಗೇ ಬರೆದಿದ್ದೆ, ಮೇಡಂ. ಆದ್ರೆ ತಗಡು ಹೊಡೆದವನೂ ನಾನೇ. ನಂಬರ್ ಹಾಕಿರ್ಲಿಲ್ಲ. ಹಿಂದುಮುಂದು ಹೊಡೆದ್ಬಿಟ್ನೇನೋ, ನನಗೇ ಗೊತ್ತಾಗ್ತಿಲ್ಲ. ನನ್ನನ್ನ ಕರ್ಕೊಂಡು ಹೋಗ್ಬಿಡಿ."

ಇನ್ಸ್‌ಪೆಕ್ಟರಮ್ಮನ ತಲೆ ಮೊಸರುಗಡಿಗೆಯಾಯಿತು. ತಪ್ಪು ಒಪ್ಪಿಕೊಳ್ಳುವವನಿಗೇ ತಾನೇನು ಮಾಡಿದೆನೆಂದು ತಿಳಿಯದು. ಹುಡುಗಿಯನ್ನು ಕೇಳೋಣವೆಂದರೆ ಮದ್ದಿನ ಮಂಪರು. ಇನ್ಸ್‌ಪೆಕ್ಟರಮ್ಮನಿಗೆ ಹಂತಪ್ಪನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

* * *

ಮತ್ತೆ ಲಾಂಡ್ರಿ. ಆಕೆ ಗೋಡೆಯನ್ನೇ ದಿಟ್ಟಿಸಿದಳು. ಹಬೆ ತಿಂದೂ ತಿಂದೂ ಗೋಡೆ ಹಳದಿಗಟ್ಟಿತ್ತು. ಆದರೆ ಮುಚ್ಚಳದ ಗಿಡ್ಡ ತಗಡಿನ ಎಡಬಲಕ್ಕೆ ಮಾತ್ರ ಬೆಳ್ಳಗಿತ್ತು.

"ಒಂದು ಸ್ಕ್ರೂಡ್ರೈವರ್ ಕೊಡಿ."

ಮ್ಯಾನೇಜರನ ಕೈ ಜೇಬಿನತ್ತ ಹೋಗಿ, ಅರ್ಧಕ್ಕೇ ನಿಂತಿತು.

"ಇಲ್ಲಿ ಇದ್ದದ್ದು ಹಬೆಯ ಉದ್ದನೆ ತಗಡು," ಎಂದಳು ಆಕೆ. "ಅದರಡಿ ಗೋಡೆ ಬೆಳ್ಳಗೆ ಉಳ್ದಿದೆ. ಮೊದ್ಲಿಂದ ಗಿಡ್ಡದ್ದೇ ಇದ್ದಿದ್ರೆ ಈ ಪಕ್ಕಗಳೂ ಹಳದಿ ಆಗ್ತಿದ್ವು. ಅದಲುಬದಲಾಗಿದ್ದು ಇವತ್ತು. ಎಲ್ಲರೂ ಹುಡುಗಿ ಹಿಂದೆ ಓಡಿದಾಗ ಇಲ್ಲಿ ಉಳಿದದ್ದು ನೀವೊಬ್ಬರೇ."

ಆಕೆ ಹಬೆ ಹೊರಬಿಡುವ ವಾಲ್ವ್ ತಿರುಗಿಸಲು ನೋಡಿದಳು. ಅದು ಅಲುಗಲಿಲ್ಲ.

"ಕೆಟ್ಟು ಎಷ್ಟು ದಿನ ಆಯ್ತು?"

"ರಿಪೇರಿಗೆ ನಿಲ್ಸಿದ್ರೆ ಆರ್ಡರ್ ಕೈತಪ್ಪುತ್ತಿತ್ತು," ಎಂದ ಮ್ಯಾನೇಜರ್ ತಲೆತಗ್ಗಿಸಿ. "ಸ್ವಲ್ಪ ಹೊತ್ತು ಬಿಟ್ಟು ತೆಗಿ ಅಂದಿದ್ದೆ, ಅಷ್ಟೇ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟ್ರಿ. ನಡೀರಿ ಸ್ಟೇಷನ್ನಿಗೆ."

* * *

ಎಚ್ಚರವಾದ ತಂಗಿ ಮೊದಲು ಹುಡುಕಿದ್ದು ಅಣ್ಣನನ್ನೇ.

"ಅಣ್ಣ, ನೀನು ಬರೆದದ್ದು ಸರಿಯಾಗೇ ಇತ್ತು. ಹಬೆ ಹೋಗಿಲ್ಲ ಸಾರ್ ಅಂತ ಮುಳ್ಳು ತೋರಿಸ್ದೆ ಕೂಡ. ಮ್ಯಾನೇಜರೇ ತೆಗಿ ಅಂದ್ರು."

ಹಂತಪ್ಪ ನೀರಿನ ಲೋಟ ಎತ್ತಿ ಅವಳ ತುಟಿಗೆ ಹಿಡಿದ.

"ಮೊದ್ಲು ಬಾಯಿ ತೆರಿ," ಎಂದ. ಮುಂದಿನ ಹಂತ ಹೇಳಲು ಅವನಿಂದಾಗಲಿಲ್ಲ.