ಬಾಯಿಕಟ್ಟಿನ ಕುಡಿಕೆ

“ಆ ಕುಡಿಕಿ ಮುಟ್ಟಬ್ಯಾಡೋ ಯಪ್ಪಾ. ಅದರಾಗ ಒಬ್ಬಾಕಿ ಬಾಯಿ ಕಟ್ಟಿ ಇಟ್ಟಾರ,” ಎಂದಳು ಕಸ ಗುಡಿಸುತ್ತಿದ್ದ ಸಕ್ರವ್ವ.

ಹೃಷಿಕೇಶ ಏಣಿಯ ಮೇಲಿಂದ ನಕ್ಕ. ಗೋಡೆಯ ಗೂಡಿನಲ್ಲಿ ಬಾಯಿಗೆ ಬಟ್ಟೆ ಮುಚ್ಚಿ ಕರಿದಾರ ಬಿಗಿದ ಪುಟ್ಟ ಮಣ್ಣಿನ ಕುಡಿಕೆಯಿತ್ತು. ಶಬ್ದ ಅಳೆಯುವ ಮೀಟರಿಗೆ ಅದೇ ಸರಿಯಾದ ಜಾಗ; ಸ್ವಿಚ್‌ಬೋರ್ಡು ಪಕ್ಕದಲ್ಲೇ.

“ಕಟ್ಟೋದು ನನಗೂ ಕಲಿಸು ಆಯಿ. ನನ್ನ ಗೆಸ್ಟುಗಳಿಗೆ ಬೇಕಾಗೇತಿ,” ಎನ್ನುತ್ತ ದಾರ ಕತ್ತರಿಸಿದ. ಕಮಟು ಎಣ್ಣೆ, ಸುಟ್ಟ ಕೂದಲು ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಕುಡಿಕೆಯನ್ನು ಮೂಲೆಗೆ ಸರಿಸಿ ಮೀಟರ್ ಕೂರಿಸಿದ.

ಶೇಂದ್ರಾದ ಕಾರ್ಖಾನೆಯ ಕೆಲಸ ಬಿಟ್ಟು ನಾಸಿಕಕ್ಕೆ ಬಂದವನು ಅವನು. ಹಳೆಯ ಬಂಗಲೆ ಹಿಡಿದು ಪ್ರವಾಸಿಗರಿಗೆ ಎರಡು ಮೂರು ದಿನದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದ. ಯಾವುದೋ ಹುಡುಗರ ಗುಂಪು ಡೋಲು ಬಾರಿಸಿ ಎರಡು ನೋಟಿಸು ತರಿಸಿತ್ತು. ಹಗಲಿನಲ್ಲಿ ಐವತ್ತೈದು ಡೆಸಿಬಲ್ ದಾಟಬಾರದು. ಮೂರನೆಯ ಸಲ ದಾಟಿದರೆ ಪರವಾನಗಿ ರದ್ದು. ಕಾಲೊನಿಯ ಅಧ್ಯಕ್ಷ ಅರವಿಂದರು ಬೇಸರದಿಂದಲೇ ಹಾಗೆಂದು, ಮೀಟರ್ ಜೋಡಿಸಿಕೊಳ್ಳುವವರೆಗೆ ಕಾಯುತ್ತೇವೆ ಎಂದಿದ್ದರು. ಅದರ ಅಂಕಿ ಇವನ ಫೋನಿಗೂ ಅವರ ಫೋನಿಗೂ ಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಖಾಲಿ ಮನೆಯಿಂದ ಸಂದೇಶ ಬಂತು: ಎಪ್ಪತ್ತೊಂದು.

ಓಡಿ ಬಂದು ನೋಡಿದ. ನೊಣ ಹಾರಿದ ಸದ್ದೂ ಇಲ್ಲ. ಬ್ಯಾಟರಿ ಬದಲಿಸಿದ. ಮೀಟರನ್ನೇ ಬದಲಿಸಿದ. ಎಂಬತ್ತು. ಕಂಪನಿಯವರು ನಿಮ್ಮ ಮನೆಯಲ್ಲೇ ಗದ್ದಲ ಎಂದು ಫೋನಿಟ್ಟರು. ಆಮೇಲೆ ಗಂಗಾಪುರದಿಂದ ಬಾಡಿಗೆಗೆ ಬಂದ ಕುಟುಂಬ ಗಂಟೆಯೊಳಗೆ ಗಂಟುಮೂಟೆ ಕಟ್ಟಿತು. ಅವರಿಗೇನೂ ಕೇಳಿಸಿರಲಿಲ್ಲ, ಆದರೆ ಹಸುಗೂಸು ಗೂಡಿನ ಕಡೆ ನೋಡುತ್ತ ಉಸಿರುಕಟ್ಟಿ ಅತ್ತಿತ್ತು. ಸಿಟ್ಟಿಗೆ ಹೃಷಿಕೇಶ ಗೋಡೆಗೆ ಗುದ್ದಿ ಬೆರಳು ಊದಿಸಿಕೊಂಡ. ಸಕ್ರವ್ವ ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು.

ಆಗಲೇ ಆಕೆ ಹೇಳಿದ್ದು. ಹಿಂದಿನ ಮಾಲೀಕ, ಆಸ್ತಿಯಲ್ಲಿ ಪಾಲು ಕೇಳಿದ ತಂಗಿ ಮಂಗಲಾಳ ಬಾಯಿಯನ್ನು ಮಾಟ ಮಾಡಿಸಿ ಆ ಕುಡಿಕೆಯಲ್ಲಿ ಕಟ್ಟಿಸಿದ್ದನಂತೆ. ಹನ್ನೊಂದು ವರ್ಷ ಆಕೆ ದನಿಯಿಲ್ಲದೆ ತುಟಿ ಆಡಿಸುತ್ತಲೇ ಬದುಕಿ ಸತ್ತಳಂತೆ.

ಅಂದು ಸಂಜೆ ಐದಕ್ಕೆ ಕಾಲೊನಿಯ ಸಭೆ. ಈವರೆಗಿನ ಅಂಕಿ ಮೀಟರಿನ ದೋಷವೆಂದುಕೊಳ್ಳೋಣ, ಆರೋಪಕ್ಕೆ ನೀವೇ ಬಂದು ನಾಲ್ಕು ಮಾತು ಹೇಳಿಕೊಳ್ಳಿ, ನಿಮ್ಮ ಪರ ನಾನಿರುತ್ತೇನೆ, ಅಲ್ಲಿಯವರೆಗೆ ಮೀಟರ್ ಏರದಿದ್ದರೆ ಸಾಕು ಎಂದರು ಅರವಿಂದರು.

ನಾಲ್ಕೂವರೆಗೆ ಅವನು ಬಾಗಿಲು ತೆರೆದ. ಪರದೆ ಎಳೆದ ಪಡಸಾಲೆಯಲ್ಲಿ ಕತ್ತಲು. ಅದೇ ಸುಟ್ಟ ಕೂದಲಿನ ವಾಸನೆ. ಮೀಟರಿನ ಕೆಂಪು ಅಂಕಿ ಮಾತ್ರ ಉರಿಯುತ್ತಿತ್ತು. ನಲವತ್ತು. ಐವತ್ತೆರಡು. ಕಿವಿಗೆ ಏನೂ ಇಲ್ಲ. ಲೋಟದ ನೀರು ನಡುಗಿತು. ಐವತ್ತನಾಲ್ಕು. ಕನ್ನಡಿ ಬಿರುಕು ಬಿಟ್ಟಿತು. ಹಲ್ಲು ಜುಮ್ಮೆಂದವು. ಕತ್ತಿಗೆ ಯಾರದೋ ಬಿಸಿಯುಸಿರು ತಗುಲಿತು.

“ಹೊರಗ ಬಾ ಯಪ್ಪಾ,” ಸಕ್ರವ್ವ ಹೊಸ್ತಿಲಾಚೆಯಿಂದ ಕೈ ಚಾಚಿದಳು. “ಆಕಿ ಸುಮ್ಮನಾಗಬೇಕಂದ್ರ ಇನ್ನೊಂದು ದನಿ ಬೇಡತೈತಿ ಆ ಕುಡಿಕಿ. ಮನಿ ಹೋದ್ರ ಹೋಗಲಿ.”

ಮನೆ ಹೇಗೆ ಬಿಟ್ಟಾನು? ಗೂಡಿನಿಂದ ಕುಡಿಕೆ ಸೆಳೆದುಕೊಂಡ. ಅದರ ಬಾಯಿಗೆ ಬಾಯಿ ಹಚ್ಚಿದ. ಇಷ್ಟು ದಿನದ ಸಿಟ್ಟೆಲ್ಲ ಸೇರಿಸಿ “ಸುಮ್ಮನಿರು” ಎಂದು ಒದರಿದ. ಬಟ್ಟೆ ಮುಚ್ಚಿದ. ಕತ್ತರಿಸಿದ್ದ ದಾರವನ್ನೇ ಬಿಗಿದ. ಗೂಡಿನಲ್ಲಿಟ್ಟ.

ಮೀಟರ್ ಇಪ್ಪತ್ತೆಂಟಕ್ಕೆ ಇಳಿಯಿತು.

ಗೆದ್ದೆ ಎಂದುಕೊಂಡು, ಏದುಸಿರಿನಲ್ಲೇ ಸಭೆಗೆ ಓಡಿದ. ಅರವಿಂದರು ಕುರ್ಚಿ ಎಳೆದುಕೊಟ್ಟು ನೀರು ಮುಂದಿಟ್ಟರು. ಈಗ ಸದ್ದೇ ಇಲ್ಲವಲ್ಲ ಎಂದು ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಇನ್ನು ಹೇಳಿ ಎಂದರು.

ಹೃಷಿಕೇಶ ಬಾಯಿ ತೆರೆದ. ದನಿಯಿಲ್ಲ.

ಗಂಟಲು ಹಿಡಿದುಕೊಂಡ. ಕತ್ತಿನ ನರ ಉಬ್ಬುವಂತೆ ಕೂಗಿದ. ಗಾಳಿಯೂ ಹೊರಡಲಿಲ್ಲ. ಅರವಿಂದರು ಗಾಬರಿಯಿಂದ ಅವನ ಬೆನ್ನು ಸವರತೊಡಗಿದರು.

ಮೇಜಿನ ಮೇಲೆ ಫೋನು ಗುಂಯ್ಗುಟ್ಟಿತು. ಬೀಗ ಹಾಕಿದ ಮನೆ. ಐವತ್ತಾರು.

ಅವನು ಇನ್ನಷ್ಟು ಜೋರಾಗಿ ಕೂಗಿದ. ಎಪ್ಪತ್ತು. ತೊಂಬತ್ತು.

ಕಾಲೊನಿಯ ಕಾರ್ಯದರ್ಶಿ ನಿಟ್ಟುಸಿರಿಟ್ಟು ಮೂರನೆಯ ನೋಟಿಸು ಬರೆಯತೊಡಗಿದ.